ನೀಲವ್ವ ಗಾಡಿ ಕಲಿತದ್ದು

ಹೊಳೆದಂಡೆಯ ಮಠದಲ್ಲಿ ಮುರಿಗಯ್ಯ ಎಂಬ ಗುರುಗಳಿದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಹಳ್ಳಿಗಳಿಗೆ ಭಿಕ್ಷೆಗೆ ಹೋಗುವುದು ಮಠದ ಹಳೆಯ ಸಣ್ಣ ಬೈಕಿನ ಮೇಲೆ.

ಮುಕ್ತಿ ಕೇಳಲು ಬಂದವರನ್ನು ಅವರು ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಗಾಡಿ ಕಲಿಸಿ ಎಂದು ಬಂದರೆ ಕೂಡಲೇ ಎದ್ದು ಬರುತ್ತಿದ್ದರು.

ನೀಲವ್ವ ಬಂದಾಗ ಅವಳಿಗೆ ಐವತ್ತಾರು. ಗಂಡ ತೀರಿಕೊಂಡು ವರ್ಷವಾಗಿತ್ತು. ಮೊದಲ ಸಲ ಚೂಡಿದಾರ ಹಾಕಿಕೊಂಡಿದ್ದಳು. ಅರವತ್ತಕ್ಕೆ ಅರಳುಮರಳು ಅಂತಾರೆ, ಇವಳಿಗೆ ಮೊದಲೇ ಹತ್ತಿತು ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಖರ್ಚೇನಿದೆ.

ಗಂಡನ ಭಾರಿ ಬೈಕನ್ನು ಟೆಂಪೋದಲ್ಲಿ ಹಾಕಿಸಿ ತಂದಿದ್ದಳು.

"ಅಜ್ಜಾರ, ಇದರ ಮ್ಯಾಲೇ ಕಲಸ್ರಿ."

ಅಜ್ಜಾರು ಆ ಬೈಕನ್ನು ಉಸುಕಿನ ಮೇಲೆ ಮೆಲ್ಲಗೆ ಮಲಗಿಸಿದರು.

"ಎತ್ತವ್ವಾ."

ನೀಲವ್ವ ಎಳೆದಳು, ನೂಕಿದಳು, ಬೆವೆತಳು. ಬೈಕು ಮಿಸುಕಲಿಲ್ಲ.

"ಬಿದ್ದಾಗ ಎತ್ತಾಕ ಬರದ ಗಾಡಿ ನಿಂದಲ್ಲ," ಎಂದು ಅವರು ಮಠದ ಸಣ್ಣ ಬೈಕನ್ನು ತಂದು ಅದನ್ನೂ ಮಲಗಿಸಿದರು. ಅದನ್ನು ಅವಳು ಎತ್ತಿ ನಿಲ್ಲಿಸಿದಳು. ಆದರೂ ಮುಖ ಸಪ್ಪಗಾಯಿತು.

"ಇದು ಭಾಳ ಸಣ್ಣದಾತ್ರಿ. ನಮ್ಮ ಮನಿಯವರು ನೋಡಿದ್ರ ನಗತಿದ್ರು."

"ನಗಲಿ. ಹತ್ತು."

ಹತ್ತಿ ಕೂತಳು. ಕೈ ಹ್ಯಾಂಡಲ್ಲಿಗೆ ಸರಿಯಾಗಿ ಎಟುಕಲಿಲ್ಲ.

"ಮುಂದ ಸರಿ," ಎಂದರು ಅಜ್ಜಾರು.

ಸರಿದಳು. ಎಂಜಿನ್ ಶುರುವಾಗುತ್ತಲೇ ತನಗೆ ತಿಳಿಯದೆ ಮತ್ತೆ ಹಿಂದಕ್ಕೆ ಜಾರಿದಳು. ಮತ್ತೆ ಹೇಳಿದರು, ಮತ್ತೆ ಜಾರಿದಳು. ಅಜ್ಜಾರು ಚಾವಿ ತಿರುಗಿಸಿ ಗಾಡಿ ನಿಲ್ಲಿಸಿದರು.

"ಯವ್ವಾ, ಮುಂದ ಯಾರಿಗೆ ಜಾಗಾ ಬಿಟ್ಟಿ?"

ನೀಲವ್ವ ತಗ್ಗಿ ನೋಡಿದಳು. ಟ್ಯಾಂಕಿಗೂ ತನಗೂ ನಡುವೆ ಒಬ್ಬ ಗಂಡಸು ಕೂರುವಷ್ಟು ಜಾಗ ಖಾಲಿ ಇತ್ತು.

"ರೂಢಿ ರೀ," ಎಂದಳು. ನಾಚಿಕೆಯಾಯಿತು.

"ಕಲಸ್ರಿ ಅಂತ ಗಂಡಗ ಕೇಳಲಿಲ್ಲೇನು?"

"ಕೇಳಿದ್ದೆ. ಇದು ಹೆಂಗಸರಿಗೆ ಆಗೂದಲ್ಲ, ಬಿದ್ದು ಕೈಕಾಲು ಮುರಕೊಂಡೀ ಅಂತಿದ್ರು. ನನ್ನ ಮ್ಯಾಲೆ ಭಾಳ ಜೀವ ರೀ ಅವರಿಗೆ."

"ಎಲ್ಲಿಗೆ ಹೋಗಬೇಕಾಗಿತ್ತು ನಿನಗ?"

ನೀಲವ್ವ ಹೊಳೆಯ ಕಡೆ ನೋಡುತ್ತ ಹೇಳಿದಳು.

"ತವರಿಗೆ. ನಮ್ಮವ್ವ ಇನ್ನೇನು ಹೋಗ್ತಾಳ ಅಂತ ಸುದ್ದಿ ಬಂದಿತ್ತು. ಇವರು ಊಟಾ ಮಾಡಿ ಅಡ್ಡಾಗಿದ್ರು. ಎಬ್ಬಿಸಿದೆ. ಬಿಸಲು ಇಳೀಲಿ, ಹೋಗೂಣು ಅಂದ್ರು. ಗಾಡಿ ಅಂಗಳದಾಗ ಇತ್ತು. ಚಾವಿ ಗ್ವಾಡಿ ಮ್ಯಾಲಿನ ಮೊಳಿಗೆ ತೂಗತಿತ್ತು. ನಾ ಹೊಸ್ತಿಲದಾಗ ಕುಂತಿದ್ದೆ."

"ಅವ್ವ ಸಿಕ್ಕಳೇನು?"

"ಮಾರಿ ನೋಡಾಕ ಸಿಕ್ತ್ರಿ. ಉಸರು ಸಿಗಲಿಲ್ಲ."

ಅಜ್ಜಾರು ಒಳಗೆ ಹೋಗಿ ಭಿಕ್ಷೆಯ ಜೋಳದ ಚೀಲ ತಂದರು. ಅದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಕಟ್ಟಿದರು. ಇನ್ನು ಹಿಂದೆ ಜಾರಲು ಅವಳಿಗೆ ಜಾಗವಿರಲಿಲ್ಲ.

"ಈಗ ಹೊಡಿ," ಎಂದರು.

ಬಿದ್ದಳು. ತಾನೇ ಎತ್ತಿದಳು. ದಿನಾ ಬಂದಳು. ಒಂದು ದಿನ ಚೀಲ ಬಿಚ್ಚಿದರೂ ಮುಂದೆಯೇ ಕೂತಳು.

ಅದಾದ ಮೇಲೆ ಒಮ್ಮೆ ಅಜ್ಜಾರು ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ನೀಲವ್ವ ಹೇಳದೆ ಕೇಳದೆ ಗಾಡಿ ತೆಗೆದುಕೊಂಡು ಹೋದಳು. ಅವರು ಎದ್ದು ಮುಖ ತೊಳೆಯುವಾಗ ತಿರುಗಿ ಬಂದು ಇಳಿದಳು. ಹುಬ್ಬಿನ ಮೇಲೆಲ್ಲ ಧೂಳು.

"ಎಲ್ಲಿಗೆ ಹೋಗಿದ್ದಿ?"

"ತವರಿಗೆ ರೀ. ಅಲ್ಲೀಗ ಯಾರೂ ಇಲ್ಲ. ಕೀಲಿ ಹಾಕಿದ ಬಾಗಲಾ ನೋಡಿ ಬಂದೆ."

ವೇಲಿನಿಂದ ಹುಬ್ಬಿನ ಧೂಳು ಒರೆಸಿಕೊಂಡು ಮತ್ತೆ ಹೇಳಿದಳು.

"ಒಂದು ನಿದ್ದಿ ಮುಗಿಯೂದರೊಳಗ ಹೋಗಿ ಬಂದೆ, ಅಜ್ಜಾರ. ಇದು ಇಷ್ಟು ಸರಳ ಇತ್ತೇನ್ರಿ?"

"ಹೌದವ್ವಾ, ಇಷ್ಟ ಸರಳ," ಎಂದರು ಅಜ್ಜಾರು.

ನೀಲವ್ವ ಗಾಡಿಯ ಚಾವಿ ತೆಗೆದು ಅಂಗೈಯಲ್ಲಿ ಹಿಡಿದಳು.

"ಇಷ್ಟು ಸರಳ ಐತಿ ಅಂತ ಅವರಿಗೆ ಗೊತ್ತಿರಲಿಲ್ಲ, ಹೌದಲ್ರಿ?"

ಹೌದು ಅನ್ನಿ ಎಂದು ಅವಳ ಕಣ್ಣುಗಳು ಬೇಡುತ್ತಿದ್ದವು. ಗಂಡನ ಬಗ್ಗೆ ಅವಳಿಗೆ ಉಳಿದಿದ್ದ ನಂಬಿಕೆ ಅದೊಂದೇ.

ಅಜ್ಜಾರು ಅವಳ ಮುಖವನ್ನೇ ನೋಡಿ ಹೇಳಿದರು:

"ಗೊತ್ತಿತ್ತು, ಯವ್ವಾ. ಅದಕ್ಕ ಕಲಸಲಿಲ್ಲ."