ಪೇರಯ್ಯ ಹೊಳೆಗೆ ಹಾರಿದ್ದು

ಗೋದಾವರಿ ಸೀಮೆಯ ಪೇರಯ್ಯ ತರ್ಕಶಾಸ್ತ್ರ ಓದಿದವನು. ಮುಪ್ಪಿನಾರ್ಯರೆಂಬ ಗುರುಗಳ ಮಾತು ಕೇಳಬೇಕೆಂಬ ಆಸೆಯಿಂದ ತುಂಗಭದ್ರೆಯ ದಂಡೆಯ ಮಠಕ್ಕೆ ನಡೆದು ಬಂದಿದ್ದ. ಗುರುಗಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಹೀಗಾಗಿ ಮೊದಲು ಕನ್ನಡ ಕಲಿಯಬೇಕಾಯಿತು.

ಒಂದು ಬೆಳಿಗ್ಗೆ ಗುರುಗಳು ಹೊಳೆಯತ್ತ ಕೈ ತೋರಿ, "ಹೊಳೆ ಹರಿಯುತ್ತದೆ" ಎಂದರು.

"ಹರಿಯುವುದೆಂದರೆ ನೀರು ಮುಂದಕ್ಕೆ ಸಾಗುವುದು. ತಿಳಿಯಿತು," ಎಂದ ಪೇರಯ್ಯ.

"ಇಷ್ಟು ಬೇಗ?" ಎಂದು ಗುರುಗಳು ನಕ್ಕರು.

ಅಂದೇ ಮಧ್ಯಾಹ್ನ ಹೊಳೆಯ ಕಡೆಯಿಂದ ಕೂಗು ಕೇಳಿಸಿತು. ಮಠದಲ್ಲಿ ಅಡುಗೆ ಮಾಡುವ ಗಿರಿಯವ್ವ ಅಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಅಯ್ಯೋ ಶಿವನ, ನನ್ನ ಸೀರಿ ಹರಿದುಹೋತು!"

ಪೇರಯ್ಯ ಹಿಂದೆಮುಂದೆ ನೋಡಲಿಲ್ಲ. ಓಡಿ ಬಂದವನೇ ಕಚ್ಚೆ ಬಿಗಿದು ನೀರಿಗೆ ಹಾರಿದ. ಸೆಳವು ಅವನನ್ನು ಎಳೆದೊಯ್ದಿತು. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಕೊನೆಗೆ ಒಂದು ಬಂಡೆ ಕೈಗೆ ಸಿಕ್ಕಿ, ತಲೆ ತುಂಬ ಪಾಚಿ ಹೊತ್ತು ದಡಕ್ಕೆ ಬಂದ.

"ಸಿಗಲಿಲ್ಲ ಅವ್ವಾ. ಬಹಳ ದೂರ ಹೋಗಿರಬೇಕು," ಎಂದ ಏದುಸಿರು ಬಿಡುತ್ತ.

ಗಿರಿಯವ್ವ ಕೈಯಲ್ಲಿದ್ದ ಸೀರೆಯನ್ನು ಎತ್ತಿ ಹಿಡಿದಳು. ಸೆರಗಿನಿಂದ ನಡುವಿನವರೆಗೆ ಸೀಳಿತ್ತು. ಆ ಸೀಳಿನಲ್ಲಿ ಅವಳ ಮುಖ ಕಾಣುತ್ತಿತ್ತು.

"ಇಲ್ಲೇ ಐತಲ್ಲೋ ಯಪ್ಪಾ!"

ಮಠಕ್ಕೆ ಮಠವೇ ಬಿದ್ದು ಬಿದ್ದು ನಕ್ಕಿತು. ಪೇರಯ್ಯ ಮಾತ್ರ ನಗಲಿಲ್ಲ. ಸಂಜೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಅಪ್ಪಣೆ ಕೊಡಿ, ಊರಿಗೆ ಹೋಗುತ್ತೇನೆ. ನೀರೂ ಹರಿಯುತ್ತದೆ, ಸೀರೆಯೂ ಹರಿಯುತ್ತದೆ! ಒಂದು ಪದಕ್ಕೆ ಒಂದು ಅರ್ಥ ನಿಲ್ಲದ ಭಾಷೆಯಲ್ಲಿ ನಾನು ಸತ್ಯವನ್ನು ಹೇಗೆ ತಿಳಿಯಲಿ?"

"ಹೋಗುವೆಯಂತೆ," ಎಂದರು ಗುರುಗಳು. "ಬೆಳಕು ಹರಿಯಲಿ."

ಪೇರಯ್ಯ ಎರಡೂ ಕಿವಿ ಮುಚ್ಚಿಕೊಂಡ.

ಬೆಳಿಗ್ಗೆ ಬೀಳ್ಕೊಡಲು ಗುರುಗಳೇ ದಂಡೆಗೆ ಬಂದು ಒಂದು ಕಲ್ಲಿನ ಮೇಲೆ ಕುಳಿತರು.

"ಆಚೆ ದಡಕ್ಕೆ ದಾಟುವುದು ಹೇಗೆ?" ಎಂದು ಕೇಳಿದ ಪೇರಯ್ಯ.

"ಹರಿಗೋಲು ಬರುತ್ತದೆ."

ಪೇರಯ್ಯ ದುರುಗುಟ್ಟಿ ನೋಡಿದ.

"ನನ್ನನ್ನೇಕೆ ನೋಡುತ್ತೀ? ಅದರ ಹೆಸರೇ ಅದು," ಎಂದರು ಗುರುಗಳು.

ಅಷ್ಟರಲ್ಲಿ ಗಿರಿಯವ್ವ ಅವನಿಗೆಂದು ಬುತ್ತಿ ಕಟ್ಟಿಕೊಂಡು ಬಂದಳು. ಇನ್ನೂ ದೂರದಲ್ಲಿರುವಾಗಲೇ ಗಕ್ಕನೆ ನಿಂತಳು. ಬುತ್ತಿ ಕೈಜಾರಿತು.

"ಹರಿಯಾಕ ಹತ್ತೈತಿ! ಅಯ್ಯಯ್ಯೋ, ಹರಿಯಾಕ ಹತ್ತೈತಿ!"

ನೀರೇ? ಬಟ್ಟೆಯೇ? ಬೆಳಕೇ? ಮೂರೂ ಒಟ್ಟಿಗೆ ಪೇರಯ್ಯನ ತಲೆಗೆ ಬಂದವು. ಅವುಗಳಲ್ಲಿ ಯಾವುದಕ್ಕೂ ದನಿ ಹಾಗೆ ನಡುಗುವುದಿಲ್ಲ. ಮೂರನ್ನೂ ಬಿಟ್ಟು ಅವಳ ಮುಖ ನೋಡಿದ. ಅವಳ ಕಣ್ಣು ಹೊಳೆಯ ಮೇಲಿರಲಿಲ್ಲ, ಗುರುಗಳು ಹಿಂದಕ್ಕೆ ಊರಿದ್ದ ಕೈಯ ಮೇಲಿತ್ತು.

ಪೇರಯ್ಯ ಗುರುಗಳನ್ನು ತೋಳು ಹಿಡಿದು ಎಳೆದ. ಇಬ್ಬರೂ ಮರಳಿನ ಮೇಲೆ ಉರುಳಿದರು. ಕೈಯಿದ್ದ ಜಾಗದ ಮೇಲೆ ನಾಗರಹಾವೊಂದು ಸರಸರನೆ ಹರಿದು ಜೊಂಡಿನೊಳಗೆ ಹೋಯಿತು.

ಆಮೇಲೆ ಗುರುಗಳು ಗಡ್ಡದ ಮರಳು ಕೊಡವುತ್ತ ನಗತೊಡಗಿದರು. ಗಿರಿಯವ್ವ ನಕ್ಕಳು. ಈ ಸಲ ಪೇರಯ್ಯನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

"ಅವಳು ಹಾವು ಎನ್ನಲೇ ಇಲ್ಲವಲ್ಲ. ನಿನಗೆ ಹೇಗೆ ತಿಳಿಯಿತು?" ಎಂದರು ಗುರುಗಳು.

"ತಿಳಿಯಲಿಲ್ಲ ಗುರುಗಳೇ. ಅವ್ವನ ಕಣ್ಣು ನೋಡಿದೆ, ಅಷ್ಟೇ."

"ಬುತ್ತಿ ಮಣ್ಣಾತು," ಎಂದಳು ಗಿರಿಯವ್ವ. "ನಡೀರಿ, ಬಿಸಿ ರೊಟ್ಟಿ ಬಡೀತೀನಿ."

ಹರಿಗೋಲು ದಡಕ್ಕೆ ತಾಗಿತು. ಪೇರಯ್ಯ ಅಂಬಿಗನಿಗೆ ಬೇಡವೆಂದು ಕೈಯಾಡಿಸಿ, ಗಂಟನ್ನು ಹೆಗಲಿಗೇರಿಸಿಕೊಂಡು ಗುರುಗಳ ಹಿಂದೆ ಮಠದ ದಾರಿ ಹಿಡಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಳೆಯ ತರ್ಕ ಮತ್ತೆ ತಲೆಯೆತ್ತಿತು.

"ಆದರೂ ಗುರುಗಳೇ, ಒಂದೇ ಅರ್ಥವಿರುವ ಪದ ನಿಮ್ಮ ಭಾಷೆಯಲ್ಲಿ ಒಂದಾದರೂ ಇಲ್ಲವೇ?"

"ಬೇಕಾದಷ್ಟಿವೆಯಪ್ಪಾ," ಎಂದರು ಗುರುಗಳು. "ಯಾರೂ ಆಡುವುದಿಲ್ಲ."