ದಕ್ಷಿಣದ ಬಾಗಿಲು

ಹೆಂಡತಿ ತೀರಿಕೊಂಡ ಮೇಲೆ ಒಬ್ಬ ಗುಮಾಸ್ತ ಮನೆಯಲ್ಲಿ ಒಂಟಿಯಾಗಿದ್ದ. ಅಡುಗೆಮನೆಯ ಹೆಂಚು ಒಡೆದು ಸೋರುತ್ತಿತ್ತು. ಕೈಯಲ್ಲಿದ್ದ ಹಣ ಒಂದೇ ಕೆಲಸಕ್ಕೆ ಸಾಲುವಷ್ಟಿತ್ತು. ರಿಪೇರಿಯ ಸುದ್ದಿ ಕಿವಿಗೆ ಬಿದ್ದದ್ದೇ, ಅಷ್ಟು ದಿನ ಇತ್ತ ತಲೆ ಹಾಕದಿದ್ದ ಪಕ್ಕದ ಮನೆಯ ಫಣಿರಾಜ ಜೋಯಿಸರು ವಾಸ್ತು ಹೇಳಲು ಕರೆಯದೇ ಬಂದರು.

"ಹೆಂಚು ಹಾಗಿರಲಿ. ನಿನ್ನ ಮುಂಬಾಗಿಲು ದಕ್ಷಿಣಕ್ಕಿದೆಯಲ್ಲಯ್ಯ, ಯಮನ ದಿಕ್ಕು! ಮೊದಲು ಅದನ್ನು ಮುಚ್ಚಿಸಿ ಪೂರ್ವಕ್ಕೆ ಬಾಗಿಲಿಡಿಸು. ಇಲ್ಲದಿದ್ದರೆ ಯಮ ನೆಟ್ಟಗೆ ಒಳಗೇ ಬರ್ತಾನೆ."

"ಬಂದಿದ್ದ, ಜೋಯಿಸರೇ. ಅವಳನ್ನು ಕರಕೊಂಡು ಹೋದ. ಅವನಿಗೆ ಗೊತ್ತಿರೋದು ಈ ಬಾಗಿಲೊಂದೇ. ನಾಳೆ ನನಗೋಸ್ಕರ ಬಂದಾಗ ಇಲ್ಲಿ ಗೋಡೆ ಕಂಡರೆ ಪಕ್ಕದ ಮನೆಯ ಕದ ತಟ್ಟಿಯಾನು."

ಜೋಯಿಸರು ಕಿಟಕಿಯಿಂದ ತಮ್ಮ ಮನೆಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಹಳೇ ಬಾಗಿಲು ಕದಲಿಸೋದು ಒಳ್ಳೇದಲ್ಲ ಅಂತಲೂ ಶಾಸ್ತ್ರ ಇದೆ. ನೀನು ಹೆಂಚೇ ಹೊದಿಸು."

ಅಷ್ಟು ಹೇಳಿ ಹೊರಟೇಬಿಟ್ಟರು. ಗುಮಾಸ್ತ ಬಾಗಿಲವರೆಗೆ ಬಂದ.

"ಯಮ ಬಂದುಹೋದ ಮೇಲೆ ಈ ಬಾಗಿಲಲ್ಲಿ ಒಳಗೆ ಬಂದವರು ನೀವೊಬ್ಬರೇ. ಕಾಫಿ ಕುಡಿದು ಹೋಗಿ."

ಜೋಯಿಸರು ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಅದನ್ನು ಕಳಚಿ ಒಳಗೆ ಬಂದರು.