ಐಸ್ ಮಿಷನ್ನಿಗೆ ಹನ್ನೆರಡು ಜನ

ಮಲ್ಪೆಯ ಮೆಂಡನ್ ಧಣಿಗೊಂದು ಮೋಜಿನ ಬೋಟಿತ್ತು. ಅದರ ಗೋಡೆಯೊಳಗೇ ಕೂರಿಸಿದ ಐಸ್ ಮಿಷನ್ನೂ ಇತ್ತು. ಊರವರೊಡನೆಲ್ಲ ಜಗಳ ಕಾಯ್ದಿದ್ದ ಧಣಿಯ ಬೋಟಿಗೆ ವರ್ಷದಿಂದ ಯಾರೂ ಹತ್ತಿರಲಿಲ್ಲ. ಅಲ್ಲಿದ್ದ ಕಾವಲುಗಾರನಿಗೆ ಜೊತೆಯೆಂದರೆ ಮಿಷನ್ನಿನಲ್ಲಿ ಐಸ್ ಬೀಳುವ ಸದ್ದೊಂದೇ. ಈಗ ಅದೂ ನಿಂತಿತ್ತು.

ಧಣಿ ಬಂದು ಗುಡುಗಿದ: “ರಿಪೇರಿಯೋ, ಹೊಸದೋ? ಒಂದೇ ಮಾತಲ್ಲಿ ಹೇಳು. ತಪ್ಪಿದರೆ ಮಿಷನ್ ಜೊತೆ ನೀನೂ ಹೊರಗೆ!”

ಧಣಿ ಎಂದೂ ತಾನೇ ಮಿಷನ್ನಿನ ಮುಚ್ಚಳ ತೆಗೆದವನಲ್ಲ. ಕಾವಲುಗಾರ ಎತ್ತಿ ಇಣುಕಿದ. ಮೆಲ್ಲಗೆ ಮುಚ್ಚಿದ.

“ರಿಪೇರಿಯೇ ಧಣಿ. ಆದರೆ ಹನ್ನೆರಡು ಜನ ಬೇಕು.”

“ಇಷ್ಟು ಸಣ್ಣ ಮಿಷನ್ನಿಗೆ ಹನ್ನೆರಡು ಮೆಕ್ಯಾನಿಕ್ಕೇ?”

“ಮೆಕ್ಯಾನಿಕ್ಕೇ ಆಗಬೇಕೆಂದಿಲ್ಲ. ಬಾಯಾರಿದವರಾದರೆ ಸಾಕು.”

ಭಾನುವಾರ ಧಣಿ ಮುಖ ಗಂಟಿಕ್ಕಿಕೊಂಡೇ ಬಂದರಿನ ದಕ್ಕೆಯಲ್ಲಿ ಬಲೆ ಸರಿಮಾಡುತ್ತಿದ್ದ ಹನ್ನೆರಡು ಜನರನ್ನು ಬೋಟಿಗೆ ಕರೆದ. ಕಾವಲುಗಾರ ಪುನರ್ಪುಳಿ ಶರಬತ್ತಿಗೆ ಐಸ್ ಹಾಕಿ ಹಾಕಿ ಕೊಟ್ಟ. ಜನ ಕುಡಿದರು, ನಕ್ಕರು, ಹಳೇ ಜಗಳ ಮರೆತು ಇನ್ನೊಂದು ಲೋಟ ಕೇಳಿದರು. ಮಿಷನ್ನಿನ ಐಸ್ ಪೆಟ್ಟಿಗೆಯ ತಳ ಕಂಡಿತು. ಸ್ವಲ್ಪ ಹೊತ್ತಿಗೆ ಮಿಷನ್ ಗುರ್ರೆಂದಿತು. ದಬ್!

ಧಣಿ ಬೆಚ್ಚಿಬಿದ್ದ. “ಏನು ಕೆಟ್ಟಿತ್ತೋ ಇದಕ್ಕೆ?”

“ಏನೂ ಕೆಟ್ಟಿರಲಿಲ್ಲ ಧಣಿ. ಪೆಟ್ಟಿಗೆ ತುಂಬಿದರೆ ಅದು ತಾನಾಗಿ ನಿಲ್ಲುತ್ತದೆ. ತೆಗೆದುಕೊಳ್ಳುವವರೇ ಇರಲಿಲ್ಲ.”

ಧಣಿ ಮೊದಲ ಸಲ ತಾನೇ ಮುಚ್ಚಳ ಎತ್ತಿ ಇಣುಕಿದ.

ಜನ ಇಳಿದು ಹೋದರು. ಖಾಲಿ ಲೋಟಗಳ ನಡುವೆ ಧಣಿ ತುಂಬ ಹೊತ್ತು ಒಬ್ಬನೇ ಕೂತ. ಆಮೇಲೆ ಎರಡು ಲೋಟಕ್ಕೆ ಐಸ್ ಹಾಕಿ ಮುಂದಿಟ್ಟುಕೊಂಡು ಕಾವಲುಗಾರನನ್ನು ಕರೆದ.

“ನೀನೂ ಕೂತ್ಕೋ ಮಾರಾಯ. ಮಿಷನ್ ಮತ್ತೆ ನಿಂತುಬಿಟ್ಟೀತು.”